ಸ್ಪೋರ್ಟ್ಸ್ ಕಾರನ್ನು 30 ಮಿ.ಮೀ. ತಗ್ಗಿಸಬೇಕು: ಬರಿಯ ಸ್ಪ್ರಿಂಗ್ ಸಾಕೇ, ಕಾಯಿಲೋವರ್ ಬೇಕೇ?

ತಿರುವುಪ್ರಿಯ:
ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2013ರ ಟೊಯೋಟಾ 86 ಇದೆ. ಇದುವರೆಗೆ 70,000 ಕಿ.ಮೀ. ಓಡಿದೆ, ಶಾಕ್ ಅಬ್ಸಾರ್ಬರ್‌ಗಳು ಕಾರಿನ ಜೊತೆಗೆ ಬಂದವೇ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ತೂರುವಷ್ಟು ಜಾಗ ಇರುವುದು ನೋಡಿದಾಗಲೆಲ್ಲ ಕಣ್ಣಿಗೆ ಚುಚ್ಚುತ್ತದೆ, ತಿರುವಿನಲ್ಲಿ ಕಾರು ವಾಲುವುದೂ ತುಸು ಹೆಚ್ಚೇ ಅನ್ನಿಸುತ್ತದೆ. ಹಾಗಾಗಿ 30 ಮಿ.ಮೀ. ತಗ್ಗಿಸಬೇಕೆಂದಿದ್ದೇನೆ.

ನನ್ನ ಮುಂದೆ ಮೂರು ದಾರಿಗಳಿವೆ. ಈಗಿರುವ ಶಾಕ್‌ಗಳ ಮೇಲೆಯೇ ಗಿಡ್ಡ ಸ್ಪ್ರಿಂಗ್ ಕೂರಿಸುವುದು ಒಂದು. ಸ್ಪ್ರಿಂಗ್ ಜೊತೆಗೆ ಅದಕ್ಕೆ ಹೊಂದುವ ಹೊಸ ಶಾಕ್‌ಗಳನ್ನೂ ಹಾಕಿಸುವುದು ಇನ್ನೊಂದು. ಎತ್ತರ ಹೊಂದಿಸಬಹುದಾದ ಕಾಯಿಲೋವರ್ ಸೆಟ್ಟನ್ನೇ, ಎಂದರೆ ಶಾಕ್ ಸುತ್ತ ಸ್ಪ್ರಿಂಗ್ ಕೂರಿಸಿಯೇ ಬರುವ ಜೋಡಿಯನ್ನೇ, ತರಿಸುವುದು ಮೂರನೆಯದು. ದಿನಬಳಕೆಯ ಕಾರು ಇದೇ. ವರ್ಷಕ್ಕೆ ನಾಲ್ಕೈದು ಬಾರಿ ಟ್ರ್ಯಾಕ್‌ಗೂ ಹೋಗುತ್ತೇನೆ. ಅನುಭವಸ್ಥರು ದಯವಿಟ್ಟು ತಿಳಿಸಿ.

ಮೂರನೇ ಗೇರು:
ಬರಿಯ ಸ್ಪ್ರಿಂಗ್ ಸಾಕು. ನಾನು ಹಾಗೆಯೇ ಮಾಡಿಸಿದ್ದೇನೆ, ಕಾರು ಚೆನ್ನಾಗಿಯೇ ಓಡುತ್ತಿದೆ.

ಹಳೇ ಪಾನ:
ಮೂರನೇ ಗೇರು ಅವರೇ, ಮಾಡಿಸಿ ಎಷ್ಟು ದಿನವಾಯಿತು ಎಂಬುದನ್ನೂ ಹೇಳಿದ್ದರೆ ಚೆನ್ನಾಗಿತ್ತು. ಗಿಡ್ಡ ಸ್ಪ್ರಿಂಗ್ ಹಾಕಿದ ಮೊದಲ ತಿಂಗಳು ಎಲ್ಲರ ಕಾರೂ ಚೆನ್ನಾಗಿಯೇ ಓಡುತ್ತದೆ.

ತಿರುವುಪ್ರಿಯ ಅವರೇ, ಕಾರು ಎಷ್ಟು ತಗ್ಗಬೇಕು ಎಂಬುದಕ್ಕಿಂತ ಮೊದಲು, ತಗ್ಗಿದ ಮೇಲೆ ಚಕ್ರಕ್ಕೆ ಮೇಲೇಳಲು ಎಷ್ಟು ಜಾಗ ಉಳಿಯುತ್ತದೆ ಎಂದು ಕೇಳಿಕೊಳ್ಳಿ. ಸ್ಪ್ರಿಂಗ್ 30 ಮಿ.ಮೀ. ಗಿಡ್ಡವಾದರೆ ಮುಂದಿನ ಶಾಕ್‌ನ ರಾಡ್ ಹೆಚ್ಚುಕಡಿಮೆ ಅಷ್ಟೇ ಉದ್ದ ಒಳಗೆ ಕುಳಿತಿರುತ್ತದೆ. ಕಾರು ಸುಮ್ಮನೆ ನಿಂತಿರುವಾಗಲೇ ಬಂಪ್ ಸ್ಟಾಪ್ ಅಷ್ಟು ಹತ್ತಿರ ಬಂದುಬಿಟ್ಟಿರುತ್ತದೆ. ಅನೇಕರು ಬಂಪ್ ಸ್ಟಾಪ್ ಎಂದರೆ ದೊಡ್ಡ ಗುಂಡಿಗೆ ಬಿದ್ದಾಗ ಮಾತ್ರ ಕೆಲಸಕ್ಕೆ ಬರುವ ರಬ್ಬರ್ ತುಂಡು ಎಂದುಕೊಂಡಿದ್ದಾರೆ. ಅದೂ ಒಂದು ಸ್ಪ್ರಿಂಗೇ, ಒತ್ತಿದಷ್ಟೂ ಗಡುಸಾಗುವ ಸ್ಪ್ರಿಂಗ್. ತಿರುವಿನ ಮಧ್ಯದಲ್ಲಿ ಹೊರಬದಿಯ ಹಿಂಚಕ್ರ ಅದರ ಮೇಲೆ ಕುಳಿತರೆ, ಹಿಂದಿನ ಗಡಸುತನ ಒಂದೇ ಕ್ಷಣದಲ್ಲಿ ಹಲವು ಪಟ್ಟು ಏರಿ ಹಿಂಭಾಗ ಹೇಳದೆ ಕೇಳದೆ ಜಾರುತ್ತದೆ. ಹಿಂಚಕ್ರ ಚಾಲನೆಯ ಕಾರಿನಲ್ಲಿ ಇದು ಹುಡುಗಾಟವಲ್ಲ.

ಸ್ಪ್ರಿಂಗ್ ಲೆಕ್ಕ:
ಹಳೇ ಪಾನ ಅವರ ಮಾತಿಗೆ ಅಂಕಿಗಳನ್ನು ಸೇರಿಸುತ್ತೇನೆ. ಉದಾಹರಣೆಗೆ ಒಂದು ಚಕ್ರದ ಮೇಲೆ 290 ಕೆ.ಜಿ. ಭಾರವಿದೆ, ಚಕ್ರದ ಬಳಿ ಅಳೆದ ಗಡಸುತನ ಒಂದು ಮಿ.ಮೀ.ಗೆ 25 ನ್ಯೂಟನ್, ಬಂಪ್ ಸ್ಟಾಪ್ ಮುಟ್ಟುವವರೆಗೆ 80 ಮಿ.ಮೀ. ಟ್ರಾವೆಲ್, ಎಂದರೆ ಚಕ್ರ ಮೇಲೇಳುವ ಜಾಗ, ಇದೆ ಎಂದು ಇಟ್ಟುಕೊಳ್ಳೋಣ. ಆ 80 ಮಿ.ಮೀ. ಮುಗಿಯುವಷ್ಟರಲ್ಲಿ ಸ್ಪ್ರಿಂಗ್ 2,000 ನ್ಯೂಟನ್ ಹೆಚ್ಚುವರಿ ಬಲವನ್ನು ತಡೆದಿರುತ್ತದೆ. 30 ಮಿ.ಮೀ. ತಗ್ಗಿಸಿದರೆ ಉಳಿಯುವುದು 50. ಅದೇ 2,000 ನ್ಯೂಟನ್ ತಡೆಯಬೇಕಾದರೆ ಗಡಸುತನ 40ಕ್ಕೆ ಏರಬೇಕು. ತಗ್ಗಿಸುವ ಸ್ಪ್ರಿಂಗ್‌ಗಳಲ್ಲಿ ಎಷ್ಟೋ ಮೂಲ ಸ್ಪ್ರಿಂಗಿಗಿಂತ ಕಾಲು ಭಾಗದಷ್ಟೇ ಗಡುಸು. ಉಳಿದ ಕೆಲಸವನ್ನು ಬಂಪ್ ಸ್ಟಾಪ್‌ನ ತಲೆಗೆ ಕಟ್ಟಲಾಗಿದೆ ಎಂದೇ ಅರ್ಥ.

ಅಂದಹಾಗೆ, ತಗ್ಗಿಸುವುದರಿಂದ ಸಿಗುವ ಲಾಭವನ್ನೂ ಲೆಕ್ಕ ಹಾಕಿ ನೋಡಿ. 86ರ ಗುರುತ್ವ ಕೇಂದ್ರ ನೆಲದಿಂದ ಸುಮಾರು 460 ಮಿ.ಮೀ. ಎತ್ತರದಲ್ಲಿದೆ. 30 ಮಿ.ಮೀ. ಇಳಿಸಿದರೆ, ತಿರುವಿನಲ್ಲಿ ಹೊರಚಕ್ರಗಳಿಗೆ ವರ್ಗವಾಗುವ ಭಾರ ಶೇ. 6.5ರಷ್ಟು ಕಡಿಮೆಯಾಗುತ್ತದೆ. ಚಕ್ರ, ಟೈರು, ಬ್ರೇಕುಗಳು ಇದ್ದಲ್ಲೇ ಇರುವುದರಿಂದ ನಿಜದಲ್ಲಿ ಅದಕ್ಕಿಂತಲೂ ತುಸು ಕಡಿಮೆಯೇ. ಇದೇನು ಸಣ್ಣದಲ್ಲ, ಆದರೆ ಟ್ರಾವೆಲ್ಲಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಬಿಟ್ಟುಕೊಡುವಷ್ಟು ದೊಡ್ಡದೇ ಎಂಬುದನ್ನು ನೀವೇ ತೀರ್ಮಾನಿಸಬೇಕು.

ಅರ್ಧ ಇಂಜಿನಿಯರ್:
ಸ್ಪ್ರಿಂಗ್ ಲೆಕ್ಕ ಅವರೇ, ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ. ಉಬ್ಬಿಗೆ ಬಡಿದ ಚಕ್ರದಲ್ಲಿ ಹೀರಿಕೊಳ್ಳಬೇಕಾದದ್ದು ಶಕ್ತಿಯನ್ನು. ಬಲ ಒಂದನ್ನೇ ನೋಡಿದರೆ ಆಗುವುದಿಲ್ಲ. ಸ್ಪ್ರಿಂಗ್ ಹಿಡಿದಿಡುವ ಶಕ್ತಿ ಟ್ರಾವೆಲ್ಲಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ನಿಮ್ಮದೇ ಅಂಕಿಗಳ ಪ್ರಕಾರ ಮೂಲ ಸ್ಥಿತಿಯಲ್ಲಿ ಅದು 80 ಜೂಲ್. 50 ಮಿ.ಮೀ. ಟ್ರಾವೆಲ್ಲಿನಲ್ಲಿ 40ರ ಸ್ಪ್ರಿಂಗ್ ಹಿಡಿಯುವುದು 50 ಜೂಲ್ ಮಾತ್ರ. ಪೂರ್ತಿ 80 ಬೇಕೆಂದರೆ ಗಡಸುತನ 64 ಆಗಬೇಕು, ಎಂದರೆ ಮೂಲದ ಎರಡೂವರೆ ಪಟ್ಟು. ಆಗ 290 ಕೆ.ಜಿ. ಭಾರದ ಸಹಜ ಕಂಪನ ಸೆಕೆಂಡಿಗೆ 1.5ರಿಂದ ಸುಮಾರು 2.4ಕ್ಕೆ ಜಿಗಿಯುತ್ತದೆ. ಅದು ಪೂರಾ ರೇಸ್ ಕಾರಿನ ಮಟ್ಟ. ದಿನವೂ ಅದರಲ್ಲಿ ಓಡಾಡುವವರ ಸೊಂಟದ ಗತಿ ಏನು?

ಸ್ಪ್ರಿಂಗ್ ಲೆಕ್ಕ:
ತಿದ್ದುಪಡಿಯನ್ನು ಒಪ್ಪುತ್ತೇನೆ. ಆದರೆ ನೀವೂ ಒಂದನ್ನು ಮರೆತಿರಿ. ಶಕ್ತಿಯ ಒಂದು ಪಾಲನ್ನು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬಿಸಿಯಾಗಿ ಕಳೆಯುತ್ತದೆ, ಇನ್ನೊಂದು ಪಾಲು ಬಂಪ್ ಸ್ಟಾಪಿಗೆ ಹೋಗುತ್ತದೆ. ಆದ್ದರಿಂದ 64 ಎಂಬುದು ಮೇಲ್ಮಿತಿ. 40ಕ್ಕೂ 64ಕ್ಕೂ ನಡುವೆ ಎಲ್ಲೋ ನಿಜ ಇದೆ.

ಅರ್ಧ ಇಂಜಿನಿಯರ್:
ಅದನ್ನು ನಾನೂ ಒಪ್ಪುತ್ತೇನೆ. ಹಾಗೆಂದೇ ಡ್ಯಾಂಪರ್ ವಿಚಾರವನ್ನು ಬಿಟ್ಟು ಸ್ಪ್ರಿಂಗ್ ಮಾತ್ರ ಚರ್ಚಿಸುವುದರಲ್ಲಿ ಹುರುಳಿಲ್ಲ. ಗಡಸುತನ ಏರಿದಂತೆ, ತೂಗಾಟ ಮೊದಲಿನಂತೆಯೇ ನಿಲ್ಲಬೇಕಾದರೆ ಡ್ಯಾಂಪಿಂಗ್, ಎಂದರೆ ಶಾಕ್ ಒಡ್ಡುವ ತಡೆ, ಅದರ ವರ್ಗಮೂಲದಷ್ಟು ಏರಬೇಕು. 25ರಿಂದ 64ಕ್ಕೆ ಹೋದರೆ ಡ್ಯಾಂಪಿಂಗ್ 1.6 ಪಟ್ಟು ಬೇಕು. 70,000 ಕಿ.ಮೀ. ಓಡಿ ಬಳಲಿದ ಮೂಲ ಶಾಕ್‌ಗಳಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ. ಗಡುಸು ಸ್ಪ್ರಿಂಗ್ ಮೇಲೆ ಎಸೆಯುತ್ತದೆ, ಶಾಕ್‌ಗೆ ಹಿಡಿಯಲಾಗುವುದಿಲ್ಲ, ಕಾರು ಕುಪ್ಪಳಿಸುತ್ತದೆ.

ಮೂರನೇ ಗೇರು:
ಎಂಟು ತಿಂಗಳಾಯಿತು. ಕುಪ್ಪಳಿಸುತ್ತದೆ ಎಂಬುದು ನಿಜ, ಆದರೆ ಸ್ಪೋರ್ಟ್ಸ್ ಕಾರೆಂದರೆ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ.

ಹಳೇ ಪಾನ:
ಸ್ಪೋರ್ಟ್ಸ್ ಕಾರು ಗಡುಸಾಗಿರಬಹುದು, ಕುಪ್ಪಳಿಸಬಾರದು. ಗಡಸುತನವೇ ಬೇರೆ, ಹತೋಟಿ ತಪ್ಪುವುದೇ ಬೇರೆ.

ತಿರುವುಪ್ರಿಯ:
ಇಷ್ಟು ಆಳಕ್ಕೆ ಹೋಗುತ್ತದೆಂದು ನಾನು ಎಣಿಸಿರಲಿಲ್ಲ. ಮೊದಲ ದಾರಿಯನ್ನು ಕೈಬಿಟ್ಟೆ. ಪ್ರೊಗ್ರೆಸಿವ್ ಸ್ಪ್ರಿಂಗ್ ಆದರೆ ಸಣ್ಣ ಉಬ್ಬಿಗೆ ಮೆತ್ತಗೆ, ದೊಡ್ಡ ಉಬ್ಬಿಗೆ ಗಡುಸು, ಎರಡೂ ಸಿಗುತ್ತದೆ ಎನ್ನುತ್ತಾರೆ. ಇದು ನಿಜವೇ?

ಎಡಗಾಲ ಬ್ರೇಕು:
ಅರ್ಧ ನಿಜ. ಒಂದು ತುದಿಯಲ್ಲಿ ಸುರುಳಿಗಳು ಒತ್ತೊತ್ತಾಗಿರುತ್ತವಲ್ಲ, ಅವು ಮೊದಲು ಮುಚ್ಚಿಕೊಳ್ಳುತ್ತವೆ. ಕೆಲಸ ಮಾಡುವ ಸುರುಳಿಗಳ ಸಂಖ್ಯೆ ಇಳಿದಂತೆ ಗಡಸುತನ ಏರುತ್ತದೆ. ಆದರೆ ಕೆಲವು ಸ್ಪ್ರಿಂಗ್‌ಗಳಲ್ಲಿ ಕಾರಿನ ಭಾರ ಬಿದ್ದೊಡನೆ ಆ ಒತ್ತೊತ್ತಾದ ಸುರುಳಿಗಳು ಪೂರ್ತಿ ಮುಚ್ಚಿ ಕೂತುಬಿಡುತ್ತವೆ. ಆಮೇಲೆ ಅದು ಗಡಸುತನ ಬದಲಾಗದ ಸಾಮಾನ್ಯ ಲೀನಿಯರ್ ಸ್ಪ್ರಿಂಗಿನಂತೆಯೇ ನಡೆದುಕೊಳ್ಳುತ್ತದೆ. ಜ್ಯಾಕ್ ಹಾಕಿ ಎತ್ತಿದಾಗ ಸ್ಪ್ರಿಂಗ್ ತನ್ನ ಸೀಟಿನಿಂದ ಕಳಚಿಕೊಳ್ಳದಂತೆ ಹಿಡಿದಿಡುವುದಷ್ಟೇ ಅವುಗಳ ಕೆಲಸ. ಕಾರು ನೆಲದ ಮೇಲೆ ನಿಂತಿರುವಾಗ ಬಗ್ಗಿ ನೋಡಿದರೆ ಕಾಣುತ್ತದೆ.

ಇನ್ನೊಂದು ಮಾತು. ಪೆಟ್ಟಿಗೆಯ ಮೇಲೆ ಬರೆದಿರುವ ಸ್ಪ್ರಿಂಗ್ ದರವನ್ನೇ (ಗಡಸುತನದ ಅಂಕಿ) ಚಕ್ರದ ದರ ಎಂದುಕೊಳ್ಳಬೇಡಿ. 86ರ ಹಿಂಭಾಗದಲ್ಲಿ ಸ್ಪ್ರಿಂಗ್ ಚಕ್ರದಿಂದ ಒಳಗೆ, ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಆರ್ಮಿನ ಮೇಲಿದೆ. ಚಕ್ರ 10 ಮಿ.ಮೀ. ಎದ್ದಾಗ ಸ್ಪ್ರಿಂಗ್ 7.5 ಮಿ.ಮೀ. ಒತ್ತುವುದಾದರೆ ಆ ಅನುಪಾತದ ವರ್ಗವನ್ನು ಗುಣಿಸಬೇಕು. 40ರ ಸ್ಪ್ರಿಂಗ್ ಚಕ್ರಕ್ಕೆ ಕಾಣುವುದು 22.5 ಆಗಿ. ಹಿಂದಿನ ಸ್ಪ್ರಿಂಗ್ ಮುಂದಿನದಕ್ಕಿಂತ ಗಡುಸಾಗಿದೆ ಎಂದು ಗಾಬರಿಬಿದ್ದು ಕಡಿಮೆ ದರದ್ದನ್ನು ತರಿಸಿಕೊಂಡವರನ್ನು ನಾನು ಕಂಡಿದ್ದೇನೆ.

ನಿಯಮಪಾಲಕ:
ವಿಷಯಾಂತರವಾದರೂ ಹೇಳಲೇಬೇಕು. ಇಲ್ಲಿ ಎಲ್ಲರೂ ‘ಕಾಯಿಲೋವರ್’ ಎನ್ನುತ್ತಿರುವುದು ಸರಿಯಲ್ಲ. ಡ್ಯಾಂಪರ್ ಸುತ್ತ ಸ್ಪ್ರಿಂಗ್ ಇರುವುದಕ್ಕೆಲ್ಲ ಆ ಹೆಸರು ಸಲ್ಲುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಚಕ್ರವನ್ನು ಶಾಕೇ ಹಿಡಿದು ನಿಲ್ಲಿಸುವ ವ್ಯವಸ್ಥೆ) ಇರುವ ಪ್ರತಿಯೊಂದು ಸಾಮಾನ್ಯ ಕಾರಿನ ಮುಂಭಾಗವೂ ಆ ಅರ್ಥದಲ್ಲಿ ಕಾಯಿಲೋವರೇ. ನೀವು ಹೇಳಬೇಕಾದದ್ದು ‘ಎತ್ತರ ಹೊಂದಿಸಬಹುದಾದ ಕಾಯಿಲೋವರ್’ ಎಂದು.

ಎಡಗಾಲ ಬ್ರೇಕು:
ನಿಯಮಪಾಲಕರೇ, ನೀವು ಹೇಳಿದ್ದು ಸರಿ. ಆದರೂ ನಾವು ಕಾಯಿಲೋವರ್ ಎಂದೇ ಹೇಳುತ್ತೇವೆ.

ರಬ್ಬರ್ ವಾಸನೆ:
ಮ್ಯಾಕ್‌ಫರ್ಸನ್ ಹೆಸರು ಬಂದದ್ದು ಒಳ್ಳೆಯದೇ ಆಯಿತು, ಏಕೆಂದರೆ ಈ ಕಾರನ್ನು ತಗ್ಗಿಸುವುದರಲ್ಲಿರುವ ದೊಡ್ಡ ತೊಡಕು ಅಲ್ಲಿಯೇ ಇದೆ. 86ರಲ್ಲಿ ಮುಂದೆ ಸ್ಟ್ರಟ್, ಹಿಂದೆ ಮೇಲೂ ಕೆಳಗೂ ಆರ್ಮ್ ಇರುವ ಡಬಲ್ ವಿಶ್‌ಬೋನ್. ಒಂದೇ ಅಳತೆಗೆ ತಗ್ಗಿಸಿದರೂ ಎರಡೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಹಿಂದಿನ ಚಕ್ರಗಳ ಮೇಲ್ತುದಿ ಒಳಕ್ಕೆ ವಾಲಿ ನೆಗೆಟಿವ್ ಕ್ಯಾಂಬರ್ ಚೆನ್ನಾಗಿಯೇ ಹೆಚ್ಚುತ್ತದೆ; ಮುಂದೆ ಹೆಚ್ಚುವುದು ಅತ್ಯಲ್ಪ. ಪರಿಣಾಮವಾಗಿ ಹಿಂದಿನ ಟೈರುಗಳ ಒಳ ಅಂಚು ಸವೆಯುತ್ತದೆ, ಮುಂದಿನ ಹಿಡಿತ ಸಾಲದೆ ಕಾರು ತಿರುವಿನಲ್ಲಿ ಹೊರಕ್ಕೆ ತಳ್ಳಿಕೊಂಡು ಹೋಗುತ್ತದೆ. ಇದನ್ನು ಸರಿಪಡಿಸಲು ಮುಂದೆ ಕ್ಯಾಂಬರ್ ಬೋಲ್ಟ್ ಅಥವಾ ಕ್ಯಾಂಬರ್ ಪ್ಲೇಟ್, ಹಿಂದೆ ಉದ್ದ ಹೊಂದಿಸಬಹುದಾದ ಲೋವರ್ ಆರ್ಮ್ ಬೇಕಾಗುತ್ತದೆ. ಬಿಡಿಭಾಗಗಳ ಪಟ್ಟಿ ಮಾಡುವಾಗ ಇವನ್ನು ಮೊದಲೇ ಸೇರಿಸಿಕೊಳ್ಳಿ. ಅಲೈನ್‌ಮೆಂಟ್ ಯಂತ್ರದ ಮೇಲೆ ಕಾರು ನಿಂತ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ರೋಲ್ ಸೆಂಟರ್, ಎಂದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಅದರ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು. ಸ್ಟ್ರಟ್ ಇರುವಲ್ಲಿ ಕಾರು ಇಳಿದಾಗ ಗುರುತ್ವ ಕೇಂದ್ರ ಇಳಿಯುವುದಕ್ಕಿಂತ ಹೆಚ್ಚಾಗಿ ರೋಲ್ ಸೆಂಟರ್ ಇಳಿಯುತ್ತದೆ. ಎರಡರ ನಡುವಿನ ಅಂತರವೇ ಕಾರನ್ನು ವಾಲಿಸುವ ಸನ್ನೆ. ಆ ಸನ್ನೆ ಉದ್ದವಾಗುವುದರಿಂದ, ಸ್ಪ್ರಿಂಗ್ ದರ ಏರಿಸದೆ ಬರಿಯ ಎತ್ತರ ಇಳಿಸಿದ ಕಾರಿನ ಮೂತಿ ಮೊದಲಿಗಿಂತ ಹೆಚ್ಚು ವಾಲಬಹುದು. ವಾಲುವುದು ಕಡಿಮೆಯಾಗಲೆಂದು ತಗ್ಗಿಸಹೊರಟವರಿಗೆ ಇದಕ್ಕಿಂತ ವಿಪರ್ಯಾಸ ಬೇಕೇ? ನೋಡುವ ವಿಧಾನ ಸುಲಭ. ಕಾರು ನೆಲದ ಮೇಲಿರುವಾಗ ಮುಂದಿನ ಲೋವರ್ ಆರ್ಮ್ ಚಕ್ರದ ಕಡೆಗೆ ಇಳಿಜಾರಾಗಿರಬೇಕು, ಹೆಚ್ಚೆಂದರೆ ಮಟ್ಟಸವಾಗಿರಬಹುದು. ಚಕ್ರದ ಕಡೆಗೆ ಏರುತ್ತಿದ್ದರೆ ಮಿತಿ ಮೀರಿದ್ದೀರಿ ಎಂದೇ ತಿಳಿಯಿರಿ. ಆಗ ಆರ್ಮಿನ ಹೊರತುದಿಗೆ ಉದ್ದನೆಯ ಬಾಲ್ ಜಾಯಿಂಟ್ ಹಾಕಿ ಕೋನವನ್ನು ಮರಳಿ ತರಬೇಕು, ಅದರ ಜೊತೆಗೆ ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ತುದಿಯನ್ನೂ ಇಳಿಸಬೇಕು, ಇಲ್ಲವಾದರೆ ಪ್ರತಿ ಉಬ್ಬಿಗೂ ಸ್ಟಿಯರಿಂಗ್ ತಾನಾಗಿಯೇ ಕದಲುತ್ತದೆ.

ತಿರುವುಪ್ರಿಯ:
ರಬ್ಬರ್ ವಾಸನೆ ಅವರಿಗೆ ಅನಂತ ಧನ್ಯವಾದಗಳು. ಈಗ ಉಳಿದಿರುವುದು ಎರಡನೆಯ ಮತ್ತು ಮೂರನೆಯ ದಾರಿ. ಬಿಲ್‌ಸ್ಟೀನ್ ಬಿ8, ಕೋನಿ, ಕೆಡಬ್ಲ್ಯು, ಓಲಿನ್ಸ್ ಎಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಮೂವತ್ತೆರಡು ಹಂತದ ತಿರುಗುಗುಂಡಿ ಇರುವ, ಇವಕ್ಕಿಂತ ಬಹಳ ಅಗ್ಗದ ಒಂದು ಸೆಟ್ ಕೂಡ ನೋಡಿದ್ದೇನೆ.

ಮಧ್ಯರಾತ್ರಿ ಗ್ಯಾರೇಜು:
ಮೂವತ್ತೆರಡು ಹಂತದ ಸೆಟ್ಟನ್ನು ಹಾಕಿಸಿ ಪಶ್ಚಾತ್ತಾಪಪಟ್ಟವನು ನಾನು. ತಯಾರಕರ ಹೆಸರು ಹೇಳುವುದಿಲ್ಲ. ಗುಂಡಿಯನ್ನು ತಿರುಗಿಸಿದರೆ ಕಂಪ್ರೆಶನ್ (ಶಾಕ್ ಒತ್ತುವಾಗಿನ ತಡೆ) ಮತ್ತು ರೀಬೌಂಡ್ (ಮರಳಿ ಚಾಚುವಾಗಿನ ತಡೆ) ಎರಡೂ ಒಟ್ಟಿಗೇ ಬದಲಾಗುತ್ತಿದ್ದವು, ಅದೂ ಮೊದಲ ಆರೇಳು ಹಂತಗಳಲ್ಲಿ ಮಾತ್ರ. ಉಳಿದವು ಬರಿಯ ಟಿಕ್ ಟಿಕ್ ಸದ್ದು. ಎಡ ಮತ್ತು ಬಲ ಶಾಕ್‌ಗಳು ಒಂದೇ ಹಂತದಲ್ಲಿದ್ದರೂ ಕೈಯಿಂದ ಒತ್ತಿದಾಗ ಬೇರೆ ಬೇರೆಯಾಗಿ ಮರಳುತ್ತಿದ್ದವು. ಹದಿನಾಲ್ಕನೇ ತಿಂಗಳಿಗೆ ಹಿಂದಿನ ಎಡಗಡೆಯದು ಎಣ್ಣೆ ಕಾರಿತು. ಬಿಡಿ ಸೀಲ್ ಸಿಗಲಿಲ್ಲ, ಎತ್ತರ ಹೊಂದಿಸುವ ಕಾಲರ್ ತುಕ್ಕು ಹಿಡಿದು ಪಾನಕ್ಕೆ ಜಗ್ಗಲಿಲ್ಲ.

ಆದ್ದರಿಂದ ಎಷ್ಟು ಹಂತವಿದೆ ಎಂದು ಕೇಳುವುದನ್ನು ಬಿಟ್ಟು, ಸೀಲ್ ಹೋದರೆ ಬಿಚ್ಚಿ ರಿಪೇರಿ ಮಾಡಿಕೊಡುತ್ತಾರೆಯೇ ಎಂದು ಕೇಳಿ. ಸ್ಪ್ರಿಂಗ್ ದರವನ್ನೂ ಡ್ಯಾಂಪರ್‌ನ ಒಟ್ಟು ಸ್ಟ್ರೋಕನ್ನೂ (ರಾಡ್ ಒಳಗೆ ಹೊರಗೆ ಓಡುವ ಉದ್ದ) ಲಿಖಿತವಾಗಿ ಕೊಡದ ತಯಾರಕರ ವಸ್ತುವನ್ನು ನಾನಂತೂ ಇನ್ನು ಕೊಳ್ಳುವುದಿಲ್ಲ.

ಎಡಗಾಲ ಬ್ರೇಕು:
ತಿರುವುಪ್ರಿಯ ಅವರೇ, ನೀವು ಹೇಳಿದ ಹೆಸರುಗಳು ಒಂದೇ ಜಾತಿಯವಲ್ಲ. ಬಿ8 ಎಂಬುದು ತಗ್ಗಿದ ಸ್ಪ್ರಿಂಗಿಗೆಂದೇ ಗಿಡ್ಡ ಮಾಡಿದ, ಹೊಂದಿಸಲು ಬಾರದ ಮಾನೋಟ್ಯೂಬ್ (ಒಂದೇ ಕೊಳವೆಯ) ಡ್ಯಾಂಪರ್. ಅದೇ ಶಾಕ್ ಐಬಾಕ್ ಸ್ಪ್ರಿಂಗ್ ಜೊತೆಗೆ ಬಿ12 ಎಂಬ ಸೆಟ್ ಆಗಿ ಬರುತ್ತದೆ. ಕೋನಿಯ ಹಳದಿ ಬಣ್ಣದವುಗಳಲ್ಲಿ ರೀಬೌಂಡ್ ಮಾತ್ರ ಹೊಂದಿಸಬಹುದು. ಕೆಡಬ್ಲ್ಯು ವೇರಿಯಂಟ್ 1ರಲ್ಲಿ ಎತ್ತರ ಮಾತ್ರ, 2ರಲ್ಲಿ ಜೊತೆಗೆ ರೀಬೌಂಡ್, 3ರಲ್ಲಿ ರೀಬೌಂಡ್ ಮತ್ತು ಕಂಪ್ರೆಶನ್ ಬೇರೆ ಬೇರೆಯಾಗಿ ಹೊಂದಿಸಲು ಬರುತ್ತದೆ. ಎಷ್ಟು ಗುಂಡಿಗಳಿವೆಯೋ ಅಷ್ಟು ತಪ್ಪು ಮಾಡಲು ಅವಕಾಶವಿದೆ ಎಂಬುದನ್ನೂ ಮರೆಯಬೇಡಿ.

ಎತ್ತರ ಹೊಂದಿಸುವ ರೀತಿಯನ್ನೂ ನೋಡಿಕೊಳ್ಳಿ. ಕೆಲವು ಸೆಟ್‌ಗಳಲ್ಲಿ ಸ್ಪ್ರಿಂಗಿನ ಕೆಳಸೀಟು ಮಾತ್ರ ಮೇಲೆ ಕೆಳಗೆ ಹೋಗುತ್ತದೆ. ತಗ್ಗಿಸಿದಷ್ಟೂ ಟ್ರಾವೆಲ್ ಕಳೆದುಕೊಳ್ಳುತ್ತೀರಿ. ಇನ್ನು ಕೆಲವದರಲ್ಲಿ ಕೆಳಗಿನ ಬ್ರಾಕೆಟ್ ಸಹ ಥ್ರೆಡ್ ಮೇಲೆ ತಿರುಗಿ ಶಾಕ್‌ನ ಉದ್ದವೇ ಬದಲಾಗುತ್ತದೆ, ಡ್ಯಾಂಪರ್ ಸ್ಟ್ರೋಕ್ ಹಾಗೆಯೇ ಉಳಿಯುತ್ತದೆ. ಎರಡನೆಯದು ಮೇಲೆನಿಸುತ್ತದೆ, ಆದರೆ ಅಲ್ಲೊಂದು ಬಲೆಯಿದೆ. ಡ್ಯಾಂಪರ್ ತಡೆಯದಿದ್ದರೆ ಟೈರನ್ನು ಮಡ್‌ಗಾರ್ಡಿನ ಒಳತಗಡು ತಡೆಯುತ್ತದೆ. ಸ್ಪ್ರಿಂಗ್ ತೆಗೆದು, ಶಾಕನ್ನು ಪೂರ್ತಿ ಒಳಗೆ ಒತ್ತಿ, ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಎಲ್ಲಿ ತಾಗುತ್ತದೆ ಎಂದು ನೋಡದೆ ಆ ಬ್ರಾಕೆಟ್ ಮುಟ್ಟಬಾರದು.

ನಿಯಮಪಾಲಕ:
ಅಳತೆಯನ್ನು ನೆಲದಿಂದ ಮಡ್‌ಗಾರ್ಡಿಗೆ ತೆಗೆಯಬೇಡಿ, ಹಬ್‌ನ ನಡುಬಿಂದುವಿನಿಂದ ತೆಗೆಯಿರಿ. ಟೈರಿನ ಗಾಳಿ ಮತ್ತು ಸವೆತ ಆಗ ಲೆಕ್ಕಕ್ಕೆ ಬರುವುದಿಲ್ಲ.

ಹಳೇ ಪಾನ:
ಇದನ್ನು ಮಾತ್ರ ನಿಯಮಪಾಲಕರು ಎಲ್ಲರಿಗಿಂತ ಚೆನ್ನಾಗಿ ಹೇಳಿದರು.

ಕೂರಿಸುವ ಕೆಲಸದ ಬಗ್ಗೆ ಒಂದು ಮಾತು. ಆರ್ಮುಗಳ ರಬ್ಬರ್ ಬುಷ್‌ಗಳು ತಿರುಗುವ ಬೇರಿಂಗ್‌ಗಳಲ್ಲ. ಒಳಗಿನ ಉಕ್ಕಿನ ಕೊಳವೆ ಬೋಲ್ಟಿಗೆ ಬಿಗಿಯಾಗಿ ನಿಂತಿರುತ್ತದೆ, ಆರ್ಮ್ ಏರಿಳಿದಾಗ ರಬ್ಬರೇ ತಿರುಚಿಕೊಳ್ಳುತ್ತದೆ. ಕಾರನ್ನು ತಗ್ಗಿಸಿ ಆ ಬೋಲ್ಟುಗಳನ್ನು ಹಾಗೆಯೇ ಬಿಟ್ಟರೆ ರಬ್ಬರ್ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ನನ್ನ ಹಿಂದಿನ ಕಾರಿನಲ್ಲಿ ಹೀಗೆ ಬಿಟ್ಟಿದ್ದ ಬುಷ್‌ನ ಮೇಲೆ ಒಂದು ವರ್ಷದಲ್ಲಿ ಅರ್ಧಚಂದ್ರಾಕಾರದ ಬಿರುಕು ಬಿದ್ದಿತ್ತು. ಸ್ಕ್ರೂಡ್ರೈವರ್ ತುದಿ ಅದರೊಳಗೆ ಸಲೀಸಾಗಿ ಇಳಿಯಿತು. ಸ್ಪ್ರಿಂಗ್ ಹಾಕಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಸಡಿಲಿಸಿ, ಚಕ್ರಗಳ ಮೇಲೆ ಕಾರಿನ ಪೂರ್ತಿ ಭಾರ ಬಿದ್ದಿರುವಾಗಲೇ ಮತ್ತೆ ಬಿಗಿಸಬೇಕು. ಗ್ಯಾರೇಜಿನವರು ಬೇಡವೆನ್ನುತ್ತಾರೆ, ನೀವು ನಿಂತು ಮಾಡಿಸಿ.

ಮೂರನೇ ಗೇರು:
ಬಂಪ್ ಸ್ಟಾಪನ್ನು ಅರ್ಧಕ್ಕೆ ಕತ್ತರಿಸಿದರೆ ಟ್ರಾವೆಲ್ ಮರಳಿ ಬರುವುದಿಲ್ಲವೇ? ನನ್ನ ಮೆಕ್ಯಾನಿಕ್ ಹಾಗೆ ಮಾಡಿದ್ದರು.

ಅರ್ಧ ಇಂಜಿನಿಯರ್:
ಸ್ಪ್ರಿಂಗ್ ತಯಾರಕರು ಎಷ್ಟು ಕತ್ತರಿಸಬೇಕೆಂದು ಬರೆದುಕೊಟ್ಟಿದ್ದರೆ ಅಷ್ಟನ್ನೇ ಕತ್ತರಿಸಬಹುದು. ಸುಮ್ಮನೆ ಅರ್ಧ ಎಂದರೆ, ಮೂಲ ಶಾಕ್‌ನ ಪಿಸ್ಟನ್ ತನ್ನ ತಳದ ವಾಲ್ವಿಗೆ ಬಡಿಯಲು ದಾರಿ ಮಾಡಿಕೊಟ್ಟಂತೆ. ನಿಮ್ಮ ಕಾರು ಕುಪ್ಪಳಿಸುವುದರ ಕಾರಣ ಇದೂ ಇರಬಹುದು, ಒಮ್ಮೆ ಬಿಚ್ಚಿ ನೋಡಿಸಿ.

ತಿರುವುಪ್ರಿಯ:
ಎಲ್ಲರ ಸಲಹೆ ಓದಿದ ಮೇಲೆ, ಏನನ್ನಾದರೂ ತರಿಸುವ ಮೊದಲು ಅಳೆದು ನೋಡೋಣವೆಂದು ತೀರ್ಮಾನಿಸಿದೆ. ನಾಲ್ಕೂ ಶಾಕ್‌ಗಳ ಧೂಳುಗವಸು ಎತ್ತಿ, ರಾಡಿನ ಬುಡದಲ್ಲಿ ಒಂದೊಂದು ತೆಳುವಾದ ಕೇಬಲ್ ಟೈ ಕಟ್ಟಿದೆ. ಚಕ್ರ ಮೇಲೆದ್ದಾಗ ಶಾಕ್‌ನ ಮೈ ಅದನ್ನು ರಾಡಿನ ಮೇಲೆ ತಳ್ಳುತ್ತದೆ, ಎಷ್ಟು ಎತ್ತರಕ್ಕೆ ಹೋಗಿತ್ತೋ ಅಲ್ಲೇ ಟೈ ನಿಂತಿರುತ್ತದೆ. ಒಂದು ವಾರ ಎಂದಿನ ದಾರಿಗಳಲ್ಲಿ ಓಡಿಸಿ, ನಿನ್ನೆ ಬಿಚ್ಚಿ ನೋಡಿದೆ.

ಮುಂದೆ ಎರಡೂ ಕಡೆ ಟೈ ಬಂಪ್ ಸ್ಟಾಪಿನ ಅಂಚಿನಿಂದ 19 ಮಿ.ಮೀ. ದೂರದಲ್ಲಿ ನಿಂತಿತ್ತು. ಹಿಂದೆ ಬಲಗಡೆ 14. ಹಿಂದೆ ಎಡಗಡೆಯ ಟೈ ಬಂಪ್ ಸ್ಟಾಪಿಗೆ ಒತ್ತಿ ಚಪ್ಪಟೆಯಾಗಿತ್ತು, ಗವಸಿನ ಒಳಗೆಲ್ಲ ಎಣ್ಣೆಗೆ ಧೂಳು ಮೆತ್ತಿ ಕಪ್ಪು ಅಂಟಾಗಿತ್ತು. ತಗ್ಗಿಸುವ ಮೊದಲೇ ಆ ಶಾಕ್ ಸತ್ತಿದೆ. ಕಾರು ತಿರುವಿನಲ್ಲಿ ಹೆಚ್ಚು ವಾಲುತ್ತದೆ ಎಂದು ನಾನು ದೂರುತ್ತಿದ್ದದ್ದು ಬಹುಶಃ ಇದನ್ನೇ.

ಸ್ಪ್ರಿಂಗ್ ಲೆಕ್ಕ:
ಹಾಗಾದರೆ 30ನ್ನು ಮರೆತುಬಿಡಿ. 15 ಮಿ.ಮೀ. ಎಂದುಕೊಂಡರೆ ನನ್ನ ಉದಾಹರಣೆಯ ಕಾರಿನಲ್ಲಿ, ಅರ್ಧ ಇಂಜಿನಿಯರ್ ಅವರ ಕಟ್ಟುನಿಟ್ಟಿನ ಸೂತ್ರದಂತೆಯೇ ಗಡಸುತನ 25ರಿಂದ 38ಕ್ಕೆ ಏರಿದರೆ ಸಾಕು. ಕಂಪನ ಸೆಕೆಂಡಿಗೆ 1.8. ಡ್ಯಾಂಪಿಂಗ್ ಕಾಲು ಭಾಗದಷ್ಟು ಹೆಚ್ಚಿದ್ದರೆ ಸರಿಹೋಗುತ್ತದೆ. ಹೊಂದಿಸಲು ಬಾರದ ಒಳ್ಳೆಯ ಗಿಡ್ಡ ಶಾಕ್ ಮತ್ತು ಅದೇ ತಯಾರಕರು ಸೂಚಿಸಿದ ಸ್ಪ್ರಿಂಗ್ ನಿಮಗೆ ಧಾರಾಳವಾಯಿತು.

ರಬ್ಬರ್ ವಾಸನೆ:
15 ಮಿ.ಮೀ. ಆದರೆ ಹಿಂದಿನ ಆರ್ಮ್ ಸದ್ಯಕ್ಕೆ ಬೇಡವಾಗಬಹುದು. ಮುಂದಿನ ಕ್ಯಾಂಬರ್ ಬೋಲ್ಟ್ ಮಾತ್ರ ಬಿಡಬೇಡಿ.

ತಿರುವುಪ್ರಿಯ:
ಎರಡನೆಯ ದಾರಿಯನ್ನೇ ಹಿಡಿದೆ. ನಾಲ್ಕು ಗಿಡ್ಡ ಶಾಕ್, ಹೊಂದುವ ಸ್ಪ್ರಿಂಗ್, ಹೊಸ ಬಂಪ್ ಸ್ಟಾಪ್, ಮೇಲಿನ ರಬ್ಬರ್ ಮೌಂಟ್‌ಗಳು ಮತ್ತು ಮುಂದಕ್ಕೆ ಕ್ಯಾಂಬರ್ ಬೋಲ್ಟ್ ತರಿಸಲು ಹೇಳಿದ್ದೇನೆ. ಕೇಬಲ್ ಟೈಗಳನ್ನು ಹೊಸ ರಾಡುಗಳ ಮೇಲೂ ಕಟ್ಟಿ, ಮೊದಲ ಟ್ರ್ಯಾಕ್ ದಿನದ ನಂತರದ ಅಳತೆಗಳನ್ನು ಇಲ್ಲಿಯೇ ಬರೆಯುತ್ತೇನೆ.

ಮೂರನೇ ಗೇರು:
ಆ ಕೇಬಲ್ ಟೈ ಎಷ್ಟು ಅಗಲದ್ದು ಎಂದು ತಿಳಿಸುತ್ತೀರಾ? ಈ ಭಾನುವಾರ ನನ್ನದನ್ನೂ ಬಿಚ್ಚುತ್ತಿದ್ದೇನೆ.